ಸೂಜಿ ತೂತಿನಲ್ಲಿ ಸಿಕ್ಕ ಹೆಸರು

ಧಾರವಾಡದ ಹೊಸಯಲ್ಲಾಪುರದ ಓಣಿಯಲ್ಲಿ ನಳದ ಮುಂದೆ ಕೊಡಗಳ ಸಾಲು ಹತ್ತುವ ಮೊದಲೇ ಗುಡ್ಡವ್ವ ಮಾಳಿಗೆ ಏರಿರುತ್ತಾರೆ. ಕುಳಿತುಕೊಳ್ಳಲು ಒಂದು ಗೋಣಿತಟ್ಟು, ರೇಷ್ಮೆ ನೂಲು ಸುತ್ತಿದ ರಟ್ಟಿನ ತುಂಡುಗಳು, ಸೂಜಿ ಚುಚ್ಚಿಡಲು ಸವೆದ ಸೋಪು, ಮಡಿಲಲ್ಲಿ ಹೆಗಲ ಮೇಲಿನ ವಲ್ಲಿಯಷ್ಟು ಉದ್ದದ ಬಿಳಿ ಖಾದಿ. ಎದುರು ಮನೆಯ ನೀರಿನ ಟಾಕಿಯ ಹಿಂದಿನಿಂದ ಬಿಸಿಲು ಇಣುಕಿದ ಕೂಡಲೇ ಅವರು ಬಟ್ಟೆಯನ್ನು ಓರೆಯಾಗಿ ಹಿಡಿಯುತ್ತಾರೆ. ಸೂಜಿಯ ತುದಿ ಎಳೆ ಎಣಿಸುತ್ತಾ ಹೋಗುತ್ತದೆ. ನಾಲ್ಕು ಎಳೆ ಬಿಟ್ಟು ಒಳಗೆ, ನಾಲ್ಕು ಎಳೆ ಹಿಡಿದು ಹೊರಗೆ. ನಿನ್ನೆ ಸಂಜೆ ಬರೀ ನಾಲ್ಕು ಕಾಲಿದ್ದ ಆನೆಗೆ ಇವತ್ತು ಬೆನ್ನು ಮೂಡುತ್ತಿದೆ.

“ಬಿಸಲು ಅಡ್ಡ ಬೀಳಬೇಕ್ರಿ. ನೆತ್ತಿ ಮ್ಯಾಲ ಬಂತಂದ್ರ ಅರಬಿ ಬರೇ ಬೆಳ್ಳಗ ಕಾಣತೈತಿ, ಎಳಿ ಬಿಡಿಸಿ ಕಾಣೂದಿಲ್ಲ” ಎನ್ನುತ್ತಾರೆ, ತಲೆ ಎತ್ತದೆ.

ಅವರು ಹೊಲಿಯುತ್ತಿರುವುದು ಒಂದು ನಕಲು. ಇದರ ಮೂಲ ಸುಮಾರು ನೂರು ವರ್ಷ ಹಳೆಯ ಕಸೂತಿ ಬಟ್ಟೆ. ಸೀರೆಗೆ ಹಾಕಿದ ಕಸೂತಿಯಲ್ಲ, ಕಲಿಯುವವರು ನೋಡಿ ತೆಗೆಯಲೆಂದು ಗೋಪುರ, ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆಗಳನ್ನೆಲ್ಲ ಒಂದೇ ಕಡೆ ಹೊಲಿದಿಟ್ಟ ಬಟ್ಟೆ. ಇಲ್ಲಿಯ ಹೆಂಗಸರ ಬಾಯಲ್ಲಿ ಅದು ‘ನಮೂನಿ ಅರಬಿ’. ಅದರ ಮೊದಲ ಪ್ರತಿಯನ್ನು ಗುಡ್ಡವ್ವ ಕಳೆದ ವರ್ಷವೇ ಮುಗಿಸಿದ್ದಾರೆ. ಊರಿನ ಒಂದು ಚಿಕ್ಕ ಸಂಗ್ರಹಾಲಯದ ಗಾಜಿನ ಹಿಂದೆ ಅದು ತೂಗುತ್ತಿದೆ. ಈಗ ಮಡಿಲಲ್ಲಿರುವುದು ಎರಡನೆಯದು, ನೋಡಲು ಬರುವ ಶಾಲೆ ಮಕ್ಕಳು ಕೈಯಿಂದ ಮುಟ್ಟಿ ನೋಡಲೆಂದು ಅಲ್ಲಿಯವರೇ ಕೇಳಿ ಹೊಲಿಸುತ್ತಿರುವುದು. ಆದರೆ ಆ ಮೊದಲ ಪ್ರತಿಯ ಕತೆ ಬೇರೆಯೇ ಇದೆ. ಅದನ್ನು ಹೊಲಿಯಲು ಹೋಗಿ ಗುಡ್ಡವ್ವ ಒಂದು ದೊಡ್ಡ ಮನೆತನದ ನಂಬಿಕೆಗೇ ಕೈ ಹಾಕಬೇಕಾಯಿತು.

ಗುಡ್ಡವ್ವ ಹುಟ್ಟಿದ್ದು ಕುಂದಗೋಳದ ಕಡೆಯ ಹಳ್ಳಿಯೊಂದರಲ್ಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟರು. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಗಂಡ ಯಮನಪ್ಪ ತಾರಿಹಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರೆ, ಇವರು ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರಲು ಹೋದರು. ಮಗಳು ಕರುಣಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ದಿನ ಸಾರವೆ ಕುಸಿಯಿತು. ಸೊಂಟದ ಎಲುಬು ಮುರಿದು ಗುಡ್ಡವ್ವ ಹಾಸಿಗೆ ಹಿಡಿದರು. ಎದ್ದು ಓಡಾಡುವಂತಾದರೂ ಇನ್ನೆಂದೂ ಭಾರ ಎತ್ತಬಾರದು ಎಂದರು ಡಾಕ್ಟರು. ಎತ್ತುವುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಕೈಗಳನ್ನು ನೋಡಿಕೊಂಡು ಅವರು ಗೋಡೆಯ ಕಡೆ ಮುಖ ಮಾಡಿ ಅತ್ತರು.

ಆಗ ಬಂದವರು ಹಿಂದಿನ ಓಣಿಯ ರಾಜಬಿ. ತಮ್ಮ ಮನೆಯ ಪಡಸಾಲೆಯಲ್ಲಿ ಹತ್ತಾರು ಹೆಂಗಸರನ್ನು ಕೂರಿಸಿಕೊಂಡು ಅಂಗಡಿಗಳಿಗೆ ಕಸೂತಿ ಹಾಕಿಸಿಕೊಡುತ್ತಿದ್ದ ಹೆಣ್ಣುಮಗಳು. ರೋಗಿಯನ್ನು ಮಾತಾಡಿಸಲು ಬಂದವರು ಹೋಗುವಾಗ ಒಂದು ಸೂಜಿ, ಒಂದು ತುಂಡು ಬಟ್ಟೆ ಬಿಟ್ಟು ಹೋದರು.

“‘ನನ್ನ ಕೈ ನೋಡ್ರಿ ಆಪಾ, ಇಟ್ಟಂಗಿ ಹೊತ್ತು ಹೊತ್ತು ದಡ್ಡಗಟ್ಟ್ಯಾವು. ಇದರಾಗ ಸೂಜಿ ನಿಂತೀತೇನು?’ ಅಂದೆ. ಆಕಿ ಏನಂದ್ಲು ಗೊತ್ತೇನ್ರಿ? ‘ದಡ್ಡಗಟ್ಟಿದ ಕೈ ಛಲೋ, ಸೂಜಿ ಚುಚ್ಚಿದ್ರ ನೋವಾಗೂದಿಲ್ಲ’ ಅಂದ್ಲು” ಎಂದು ಗುಡ್ಡವ್ವ ಈಗ ನಗುತ್ತಾರೆ.

ಕಸೂತಿಗೆ ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಣಿಕೆಯೊಂದೇ ಆಧಾರ. ಗವಂತಿ ಹೊಲಿಗೆಯಲ್ಲಿ ನೂಲು ಒಂದು ಬಿಟ್ಟು ಒಂದರಂತೆ ಹೋಗಿ, ಹೋದ ದಾರಿಯಲ್ಲೇ ಖಾಲಿ ಜಾಗ ತುಂಬುತ್ತಾ ಮರಳಿ ಬರಬೇಕು. ಹಾಗೆ ಬಂದರೆ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ. ಗುಡ್ಡವ್ವನಿಗೆ ಅದು ಒಲಿಯಲು ವರ್ಷವೇ ಹಿಡಿಯಿತು. ಒಲಿದ ಮೇಲೆ ಕೈ ಬಿಡಲಿಲ್ಲ. ಅವರು ಕಸೂತಿ ಹಾಕಿದ ಸೀರೆಗಳು ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ಅಂಗಡಿಗಳಿಗೆ ಹೋದವು. ಯಾವುದರ ಮೇಲೂ ಅವರ ಹೆಸರಿರಲಿಲ್ಲ. ಆ ದುಡಿಮೆಯಲ್ಲೇ ಕರುಣಾ ಓದಿದಳು. ಈಗ ಕಲಘಟಗಿಯ ಸರಕಾರಿ ಶಾಲೆಯಲ್ಲಿ ಟೀಚರು.

ಸಪ್ತಾಪುರದ ಭಾಗ್ಯಶ್ರೀ ರಾಜಬಿಯವರ ಪಡಸಾಲೆಗೆ ಬಂದದ್ದು ಒಂದು ಮಧ್ಯಾಹ್ನ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಮ್ಮಿನಬಾವಿಯಲ್ಲಿ ಹೊಲಮನೆ, ಹತ್ತಿ ವ್ಯಾಪಾರ ಇದ್ದ ಹಳೆಯ ಮನೆತನ ಅವರದು. ಬಿಳಿ ಧೋತರದಲ್ಲಿ ಸುತ್ತಿ ತಂದಿದ್ದ ಬಟ್ಟೆಯನ್ನು ಅವರು ಬಿಚ್ಚಿದಾಗ ಹೊಲಿಯುತ್ತಿದ್ದ ಹೆಂಗಸರೆಲ್ಲ ಸೂಜಿ ನಿಲ್ಲಿಸಿದರು. ಮಡಿಕೆಗಳಲ್ಲಿ ಹರಿದಿತ್ತು, ಅಂಚನ್ನು ಇಲಿ ಕಡಿದಿತ್ತು, ಅಲ್ಲಲ್ಲಿ ಬಣ್ಣ ಹಾರಿತ್ತು. ಆದರೂ ಆ ನವಿಲು ಇನ್ನೂ ಕತ್ತು ಕೊಂಕಿಸಿ ನಿಂತಿತ್ತು.

“ನಮ್ಮ ಅಜ್ಜಿ ಗುರುಸಿದ್ದವ್ವಂದು ಇದು. ಸಣ್ಣ ಹುಡುಗಿ ಇದ್ದಾಗ ಹೊಲದದ್ದಂತ” ಎಂದರು ಭಾಗ್ಯಶ್ರೀ. ಸಂಗ್ರಹಾಲಯದವರು ಇದನ್ನು ಇಡಲು ಒಪ್ಪಿದ್ದರು. ಆದರೆ ಮೂಲ ಬಟ್ಟೆ ಬೆಳಕಿಗೆ ತಾಳುವುದಿಲ್ಲ, ಅದನ್ನು ಕತ್ತಲೆಯಲ್ಲಿ ಚಪ್ಪಟೆಯಾಗಿ ಮಲಗಿಸಿಡಬೇಕು, ಜನ ನೋಡಲಿಕ್ಕೆ ಒಂದು ಪ್ರತಿ ಬೇಕು ಎಂದಿದ್ದರು. ಹುಬ್ಬಳ್ಳಿಯ ಒಂದು ಅಂಗಡಿಯವರು ಮಶೀನಿನಲ್ಲಿ ಮಾಡಿಕೊಡುತ್ತೇವೆ ಎಂದು ಮಾದರಿ ಹಾಕಿ ತೋರಿಸಿದ್ದರು. ಮುಂಭಾಗ ಚೆಂದವೇ ಇತ್ತು. ತಿರುಗಿಸಿದರೆ ಹಿಂದೆ ನೂಲಿನ ಗೋಜಲು.

ರಾಜಬಿ ಬಟ್ಟೆಯ ಹಿಂಬದಿ ನೋಡಿದರು, ಗುಡ್ಡವ್ವನನ್ನು ನೋಡಿದರು. “ಇದು ನಿನ್ನ ಕೈಲೆ ಆಗಬೇಕು. ನನ್ನ ಕಣ್ಣು ಈಗ ಮೊದಲಿನಂಗಿಲ್ಲ” ಎಂದು ಅಲ್ಲೇ ತೀರ್ಮಾನ ಹೇಳಿದರು.

ಮೂಲ ಬಟ್ಟೆ ಭಾಗ್ಯಶ್ರೀಯವರ ಮನೆ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ಗುಡ್ಡವ್ವ ನಸುಕಿನಲ್ಲೇ ಸಪ್ತಾಪುರಕ್ಕೆ ಹೋಗಿ, ಮೂಡಣ ದಿಕ್ಕಿನ ವರಾಂಡದಲ್ಲಿ ಕುಳಿತು ಒಂದೊಂದು ಚಿತ್ರದ ಎಣಿಕೆಯನ್ನು ಕಣ್ಣಲ್ಲಿ ತುಂಬಿಕೊಂಡು, ಮನೆಗೆ ಬಂದು ಹೊಲಿಯುತ್ತಿದ್ದರು. ಮೊದಲ ಏಟಿಗೇ ಪೆಟ್ಟು ಬಿತ್ತು. ಗೋಪುರ ಮುಗಿದು ಕಳಸ ಏರಿಸಿದ ಮೇಲೆ ನೋಡಿದರೆ ಅದು ಯಾರೋ ತಲೆಯ ಮೇಲೆ ಕುಳಿತಂತೆ ಗಿಡ್ಡಗಾಗಿತ್ತು. ಎಣಿಕೆ ತಪ್ಪಿರಲಿಲ್ಲ. ಪೇಟೆಯಿಂದ ತಂದ ಬಟ್ಟೆಯಲ್ಲಿ ಉದ್ದದ ಎಳೆಗೂ ಅಡ್ಡದ ಎಳೆಗೂ ದಪ್ಪ ಸಮನಾಗಿರಲಿಲ್ಲ. ತಿಂಗಳುಗಟ್ಟಲೆ ಹೊಲಿದದ್ದನ್ನು ಅವರು ಎಳೆ ಎಳೆಯಾಗಿ ಬಿಚ್ಚಿದರು.

“ಬಿಚ್ಚೂವಾಗ ಕಣ್ಣಾಗ ನೀರು ಬಂದ್ವು, ಸುಳ್ಳ ಯಾಕ ಹೇಳ್ಲಿ. ಆದ್ರ ಗಿಡ್ಡ ಗೋಪುರ ಹೊಲದು ಕೊಟ್ಟು ನಾ ಹೆಂಗ ನಿದ್ದಿ ಮಾಡ್ಲಿ?”

ಮರುದಿನ ಗರಗದ ಬಸ್ಸು ಹಿಡಿದರು. ಅಲ್ಲಿ ಕೈಮಗ್ಗದ ಮುಂದೆ ಆಯುಷ್ಯ ಕಳೆದ ಹುಚ್ಚಪ್ಪನೆಂಬ ಹಿರಿಯ ನೇಕಾರರ ಮುಂದೆ ಗಿಡ್ಡ ಗೋಪುರದ ಕತೆ ಹೇಳಿಕೊಂಡರು. ಹುಚ್ಚಪ್ಪ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಉದ್ದದ ಹಾಸಿಗೂ ಅಡ್ಡದ ಹೊಕ್ಕಿಗೂ ಒಂದೇ ದಪ್ಪದ ನೂಲು ಆರಿಸಿ, ಎಷ್ಟು ಬಿಗಿಯಾಗಿ ಬಡಿಯಬೇಕೆಂದು ಗುಡ್ಡವ್ವನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ನೇಯ್ದುಕೊಟ್ಟರು. ಆ ಬಟ್ಟೆಯ ಮೇಲೆ ಗೋಪುರ ನೆಟ್ಟಗೆ ಎದ್ದು ನಿಂತಿತು.

ಆಮೇಲೆ ಕೆಲಸ ಓಡಿತು. ಆನೆ, ತೊಟ್ಟಿಲು, ತುಳಸಿಕಟ್ಟೆ ಎಲ್ಲ ಒಂದೊಂದಾಗಿ ಬಂದವು. ನವಿಲಿನ ಹತ್ತಿರ ಮತ್ತೆ ಸೂಜಿ ನಿಂತಿತು. ಮೂಲ ಬಟ್ಟೆ ಹೊಲಿದಾಕೆ ಒಂದು ಗರಿಯಲ್ಲಿ ಎಣಿಕೆ ತಪ್ಪಿದ್ದಳು. ಬಿಚ್ಚುವ ಬದಲು ಪಕ್ಕದ ಗರಿಯಲ್ಲಿ ಒಂದು ಎಳೆ ಹೆಚ್ಚು ಹಿಡಿದು ಹೇಗೋ ಸರಿದೂಗಿಸಿದ್ದಳು. ನಕಲಿನಲ್ಲಿ ಅದನ್ನು ಸರಿ ಮಾಡುವುದೋ, ಹಾಗೇ ಬಿಡುವುದೋ? ಗುಡ್ಡವ್ವ ಹಾಗೇ ಹೊಲಿದರು.

“ತಪ್ಪು ಹೊಲಿಯೂದು ಭಾಳ ತ್ರಾಸ್ರಿ. ಕೈ ತಾನಾ ಸರಿ ಮಾಡಾಕ ಹೋಗತಿತ್ತು. ಕೈಗೆ ಬೈಕೋತ ಬೈಕೋತ ತಪ್ಪು ಹಾಕೇನಿ. ಆಕಿ ಹೊಲಿಯೂವಾಗ ಯಾರೋ ಒದರಿರಬೇಕು. ಎದ್ದು ಹೋಗ್ಯಾಳ, ಹೊಳ್ಳಿ ಬಂದು ಕುಂತಾಳ, ಎಣಿಕಿ ಮರತಾಳ. ನಮಗೂ ಹಂಗಾ ಆಗತೈತಲ್ಲ.”

ಉಳಿದದ್ದು ಕೆಳಗಿನ ಬಲ ಮೂಲೆ. ಅಲ್ಲಿ ಏನೂ ಇರಲಿಲ್ಲ. ಹುಡುಗಿ ಕೊನೆಗೆ ಬೇಸತ್ತು ಖಾಲಿ ಬಿಟ್ಟಿರಬೇಕು ಎಂದೇ ಭಾಗ್ಯಶ್ರೀಯವರ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಒಂದು ಮುಂಜಾನೆ ಓರೆ ಬಿಸಿಲಿನಲ್ಲಿ ಆ ಮೂಲೆಯ ಮೇಲೆ ಗುಡ್ಡವ್ವನ ಕಣ್ಣು ಬಿತ್ತು. ನೇಯ್ಗೆಯ ನಡುವೆ ಚುಕ್ಕಿ ಚುಕ್ಕಿ ನೆರಳು. ಸೂಜಿ ಹೋಗಿ ಬಂದ ತೂತುಗಳು. ನೂಲು ಮಾತ್ರ ಇಲ್ಲ. ಕಬ್ಬಿಣ ನೆನೆಸಿ ಮಾಡುತ್ತಿದ್ದ ಹಳೆಯ ಕಪ್ಪು ಬಣ್ಣ ವರ್ಷ ಕಳೆದಂತೆ ನೂಲನ್ನೇ ತಿಂದುಬಿಡುತ್ತದೆ ಎಂದು ಸಂಗ್ರಹಾಲಯದವರು ಆಮೇಲೆ ವಿವರಿಸಿದರು. ಆ ಹೊತ್ತಿಗೆ ಗುಡ್ಡವ್ವನಿಗೆ ಅದೆಲ್ಲ ಗೊತ್ತಿರಲಿಲ್ಲ. ಇಲ್ಲಿ ಯಾರೋ ಏನೋ ಹೊಲಿದಿದ್ದರು ಎಂಬುದಷ್ಟೇ ಗೊತ್ತಾಯಿತು.

ಒಂದು ಚಿಂದಿಯ ಮೇಲೆ ಕಪ್ಪು ನೂಲಿನಿಂದ ಅವೇ ತೂತುಗಳ ಎಣಿಕೆ ಹಿಡಿದು ಹೊಲಿಯುತ್ತಾ ಹೋದರು. ಬಳ್ಳಿಯೂ ಅಲ್ಲ, ಹೂವೂ ಅಲ್ಲ, ಅಕ್ಷರ. ಮೊದಲು ‘ಗ’ ಮೂಡಿತು. ಗುರುಸಿದ್ದವ್ವ ಹೆಸರು ಬರೆದುಕೊಂಡಿದ್ದಾಳೆ, ಭಾಗ್ಯಶ್ರೀ ಅಕ್ಕಾರಿಗೆ ಎಷ್ಟು ಖುಷಿಯಾದೀತು ಎಂದುಕೊಂಡರು. ಆದರೆ ‘ಗ’ದ ಪಕ್ಕದಲ್ಲಿ ಕೊಂಬು ಬರಲಿಲ್ಲ, ದೀರ್ಘ ಬಂತು. ಮುಂದಿನ ಅಕ್ಷರ ‘ರ’ ಆಗಲಿಲ್ಲ. ಬಿಸಿಲು ನೆತ್ತಿಗೆ ಏರುವುದರೊಳಗೆ ಹೆಸರು ಪೂರ್ತಿಯಾಯಿತು. ಗಾಳೆವ್ವ.

ಆ ಚಿಂದಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಡ್ಡವ್ವ ಸೀದಾ ರಾಜಬಿಯ ಮನೆಗೆ ಬಂದರು. ಗಾಳೆವ್ವ ಎಂಬುದು ದೊಡ್ಡ ಮನೆಗಳಲ್ಲಿ ಇಡುವ ಹೆಸರಲ್ಲ. ತಮ್ಮ ಓಣಿಯ, ತಮ್ಮ ಕೇರಿಯ ಹೆಸರು ಅದು ಎಂದು ಅವರಿಗೆ ಗೊತ್ತಿತ್ತು. ರಾಜಬಿಗೂ ಗೊತ್ತಿತ್ತು.

“‘ನಿಮ್ಮ ಅಜ್ಜಿ ಹೊಲದದ್ದಲ್ಲ ಇದು’ ಅಂತ ಅವರಿಗೆ ಹೆಂಗ ಹೇಳ್ತಿ? ದೊಡ್ಡ ಮಂದಿ. ಮನಸಿಗೆ ಹತ್ತಿದ್ರ ಕೆಲಸ ತಗೊಂಡು ಬಿಡ್ತಾರ. ಸಂಗ್ರಹಾಲಯದವರು ಮುಂದ ನಮ್ಮ ಮಂದಿಗೆಲ್ಲಾ ಕೆಲಸ ಕೊಡ್ತೇವಿ ಅಂದಾರ, ಅದೂ ಹೋಕ್ಕೈತಿ” ಎಂದರು ರಾಜಬಿ.

“ಹೇಳಲಿಲ್ಲ ಅಂದ್ರ ಆಕಿ ಹೆಸರು ನನ್ನ ಕೈಲೇನಾ ಎರಡನೇ ಸಲ ಹೋಗತೈತಿ ಆಪಾ.”

ರಾಜಬಿ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು ಎದ್ದರು. “ನಾನೂ ಸಂಗಟ ಬರ್ತೇನಿ ನಡಿ” ಎಂದರು.

ಭಾಗ್ಯಶ್ರೀ ಚಿಂದಿಯನ್ನು ಕಣ್ಣಿನ ಹತ್ತಿರ ಹಿಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು. “ನನಗೊಂದಿಷ್ಟು ದಿನ ಕೊಡ್ರಿ ಗುಡ್ಡವ್ವಾ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನಗಳಲ್ಲಿ ಗುಡ್ಡವ್ವ ಸೂಜಿ ಮುಟ್ಟಲಿಲ್ಲ. ಕೆಲಸ ಹೋಯಿತೆಂದೇ ತಿಳಿದು ಗಂಡನಿಗೂ ಹೇಳಿಬಿಟ್ಟಿದ್ದರು.

ಹೋಗಿರಲಿಲ್ಲ. ವಾರದ ಮೇಲೆ ಭಾಗ್ಯಶ್ರೀ ತಾವೇ ಕಾರು ತಂದು, ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ, ಅವರನ್ನು ಕೇಳೋಣ ಎಂದು ಗುಡ್ಡವ್ವನನ್ನು ಅಮ್ಮಿನಬಾವಿಗೆ ಕರೆದುಕೊಂಡು ಹೋದರು. ಅಲ್ಲಿಯ ಹಳೆಯ ಮನೆಯಲ್ಲಿ ಭಾಗ್ಯಶ್ರೀಯವರ ಸೋದರತ್ತೆ ಚನ್ನಬಸವ್ವ, ಗುರುಸಿದ್ದವ್ವನ ಮಗಳು, ತೊಂಬತ್ತು ದಾಟಿದವರು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮನೆ, ಹೊಲ ನೋಡಿಕೊಳ್ಳುವ, ಚನ್ನಬಸವ್ವನ ತಮ್ಮನ ಮಗ ಕುಮಾರಸ್ವಾಮಿಯೂ ಇದ್ದರು. ಗುಡ್ಡವ್ವ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತರು.

ಕುಮಾರಸ್ವಾಮಿಗೆ ಇದೆಲ್ಲ ಬೇಡದ ಗೊಂದಲವಾಗಿ ಕಂಡಿತ್ತು. “ಆ ಮೂಲಿ ಖಾಲಿನಾ ಬಿಟ್ರ ಆತಲ್ಲ? ಇಷ್ಟು ವರ್ಷ ಖಾಲಿ ಇತ್ತು. ತೂತು ಯಾರಿಗೆ ಕಾಣತಾವು?” ಎಂದರು. ಸಿಟ್ಟಿನಿಂದ ಅಂದದ್ದಲ್ಲ, ಸುಲಭದ ದಾರಿ ಎಂದು ಅಂದದ್ದು.

ಗುಡ್ಡವ್ವ ಬಾಗಿಲಲ್ಲಿ ನಿಂತೇ ಹೇಳಿದರು: “ತಪ್ಪಿದ ಗರಿನ್ನೂ ಇದ್ದಂಗ ಹೊಲದೇನ್ರಿ ಸಾವಕಾರ್ರ. ಹೆಸರು ಬಿಟ್ಟು ಹೊಲೀರಿ ಅಂದ್ರ ಆಗೂದಿಲ್ರಿ. ಬ್ಯಾರೆಯಾರ ಕೈಲೆ ಮಾಡಿಸ್ರಿ.”

 

ಅಷ್ಟರಲ್ಲಿ ಚನ್ನಬಸವ್ವ ಚಿಂದಿಯನ್ನು ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳು ಆಡಿಸುತ್ತಿದ್ದರು. “ಯಾರ ಹೆಸರು ಅಂದಿ?” ಎಂದು ಕೇಳಿದರು. ಭಾಗ್ಯಶ್ರೀ ಹೇಳಿದರು. ಮುದುಕಿಯ ಕಣ್ಣು ಅರಳಿತು.

“ಗಾಳೆವ್ವ! ಹತ್ತಿ ಬಿಡಸಾಕ ಬರತಿದ್ಲಲ್ಲ, ಆಕಿ. ನಾ ಸಣ್ಣಾಕಿ ಇದ್ದಾಗ ಮುದಿಕ್ಯಾಗಿದ್ಲು. ನಮ್ಮವ್ವ ಹನ್ನೆರಡು ವರ್ಷದ ಸೊಸಿ ಆಗಿ ಈ ಮನಿಗೆ ಬಂದಾಗ ಅಳೂದೊಂದಾ ಮಾಡತಿದ್ಲಂತ. ಗಾಳೆವ್ವ ಹಿತ್ತಲ ಬಾಗಲದಾಗ ಕುಂತು ಆಕಿಗೆ ಕಸೂತಿ ಕಲಿಸಿ ಅಳು ಬಿಡಿಸಿದ್ಲಂತ. ಮಿಶನ್ ಸಾಲ್ಯಾಗ ನಾಕು ಅಕ್ಷರಾನೂ ಕಲ್ತಿದ್ಲು. ನೋಡಿ ಹಾಕವಾ ಅಂತ ಈ ನಮೂನಿ ಆಕೀನಾ ಹೊಲದು ಕೊಟ್ಟಿದ್ದು. ಅವ್ವ ಸಾಯೂ ತನಕಾ ನನ್ನ ಮುಂದ ಹೇಳತಿದ್ಲು.”

“ನಮಗ್ಯಾಕ ಯಾರೂ ಹೇಳಲಿಲ್ಲ ಅತ್ತಿ?” ಎಂದರು ಭಾಗ್ಯಶ್ರೀ.

“ನೀವು ಯಾರೂ ಕೇಳಲಿಲ್ಲ.” ಚನ್ನಬಸವ್ವ ಚಿಂದಿಯನ್ನು ತೊಡೆಯ ಮೇಲೆ ಹರಡಿದರು. “ಆಕಿ ಹೊಲದ ಅರಬಿ ದೇವರ ಮನಿತನಕಾ ಬಂತು. ಆಕಿ ಹೊಸ್ತಿಲಾ ದಾಟಲಿಲ್ಲ. ದಾಟಗೊಡಲಿಲ್ಲ ನಮ್ಮ ಮಂದಿ.” ಆಮೇಲೆ ಬಾಗಿಲ ಕಡೆ ತಿರುಗಿ, “ನೀ ಯಾಕ ಅಲ್ಲೇ ನಿಂತಿ ತಂಗಿ? ಒಳಗ ಬಾ. ಇಲ್ಲೆ ನನ್ನ ಮಗ್ಗಲಕ ಕುಂಡ್ರು” ಎಂದರು.

ಗುಡ್ಡವ್ವ ಒಳಗೆ ಹೋಗಿ ಕುಳಿತರು. ಚನ್ನಬಸವ್ವ ಅವರ ಬೆರಳುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕುಮಾರಸ್ವಾಮಿ ತಾವೇ ಎದ್ದು ಒಳಗಿನಿಂದ ಚಹಾದ ತಾಟು ತಂದಿಟ್ಟರು. ಮೂಲೆಯ ಮಾತು ಮತ್ತೆ ಎತ್ತಲಿಲ್ಲ.

ಹೊರಡುವಾಗ ಭಾಗ್ಯಶ್ರೀ ಕಾರಿನಲ್ಲಿ ಹೇಳಿದರು: “ಇದ್ದದ್ದು ಇದ್ದಂಗ ಹೊಲೀರಿ. ಕರೀ ನೂಲು ಛಲೋದು ತರೂಣು. ಈ ಸಲ ಹೋಗಬಾರದು.”

ಕೊನೆಯ ಅಕ್ಷರದ ಕೊನೆಯ ಹೊಲಿಗೆಯನ್ನು ಗುಡ್ಡವ್ವ ರಾಜಬಿಯ ಪಡಸಾಲೆಯಲ್ಲಿ, ಎಲ್ಲ ಹೆಂಗಸರ ಎದುರಿಗೆ ಹಾಕಿದರು. ರಾಜಬಿ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂಬದಿ ನೋಡಿದರು. ಹೆಸರಿನ ಅಕ್ಷರಗಳು ಹಿಂಬದಿಯಲ್ಲಿ ತಿರುಗುಮುರುಗಾಗಿ ಕಾಣದಿದ್ದರೆ ಯಾವುದು ಯಾವುದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಅಡುಗೆಮನೆಯಿಂದ ಸಕ್ಕರೆ ಡಬ್ಬಿಯನ್ನೇ ತಂದು ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಹಾಕಿದರು.

ಸಂಗ್ರಹಾಲಯದವರು ಒಂದು ಮಾತು ಹೇಳಿ ಕಳಿಸಿದ್ದರು. ನಕಲನ್ನು ಮುಂದೆಂದೋ ಯಾರಾದರೂ ಮೂಲವೆಂದು ತಿಳಿಯಬಾರದು, ಆದ್ದರಿಂದ ಹೊಲಿದವರ ಹೆಸರು ಅಂಚಿನಲ್ಲಿ ಇರಬೇಕು. ಅಷ್ಟು ವರ್ಷದ ಕಸೂತಿಯಲ್ಲಿ ಗುಡ್ಡವ್ವ ತಮ್ಮ ಹೆಸರನ್ನು ಎಂದೂ ಹೊಲಿದಿರಲಿಲ್ಲ. ಅಕ್ಷರಗಳ ಎಣಿಕೆ ಕೂಡಿಸಲು ಮಗಳನ್ನು ಫೋನಿನಲ್ಲಿ ಕೇಳಿದರು. ಕರುಣಾ ನಕ್ಕು, “ಅವ್ವಾ, ನಿನ್ನ ಹೆಸರು ನಿನಗ ಬರಿಯಾಕ ಬರೂದಿಲ್ಲೇನ?” ಎಂದಳಂತೆ. “ಬರಿಯಾಕ ಬರತೈತಿ, ಹೊಲಿಯಾಕ ನಾಚಿಕಿ ಬರತೈತಿ” ಎಂದರಂತೆ ಇವರು.

ಪ್ರದರ್ಶನ ತೆರೆದ ದಿನ ಧಾರವಾಡದ ಜನ ಸಾಲುಗಟ್ಟಿದರು. ಬಟ್ಟೆಯನ್ನು ಎರಡು ಗಾಜುಗಳ ನಡುವೆ ತೂಗುಹಾಕಿದ್ದರಿಂದ ಜನ ಸುತ್ತು ಹೊಡೆದು ಎರಡೂ ಬದಿ ನೋಡುತ್ತಿದ್ದರು. ಗರಗದಿಂದ ಹುಚ್ಚಪ್ಪ ಬಂದು ತಮ್ಮ ಬಟ್ಟೆಯನ್ನು ಹೆಮ್ಮೆಯಿಂದ ಮೊಮ್ಮಕ್ಕಳಿಗೆ ತೋರಿಸಿದರು. ಗಾಲಿಕುರ್ಚಿಯಲ್ಲಿ ಬಂದ ಚನ್ನಬಸವ್ವ, “ಗಾಳೆವ್ವಾ, ನೋಡವಾ” ಎಂದು ಗಾಜಿಗೆ ಕೈ ಮುಗಿದರು. ಗೋಡೆಯ ಫಲಕದಲ್ಲಿ ಹೀಗಿತ್ತು: ಹೊಲಿದವರು ಗಾಳೆವ್ವ, ಅಮ್ಮಿನಬಾವಿ. ಕಲಿತವರು ಗುರುಸಿದ್ದವ್ವ. ಪ್ರತಿ ಹೊಲಿದವರು ಗುಡ್ಡವ್ವ, ಧಾರವಾಡ. ಅದನ್ನು ಬರೆದುಕೊಟ್ಟವರು ಭಾಗ್ಯಶ್ರೀಯೇ. ರಾಜಬಿಯ ಗುಂಪಿಗೆ ಸಂಗ್ರಹಾಲಯದವರು ಅಂದೇ ಇನ್ನಷ್ಟು ಹಳೆಯ ಕಸೂತಿಗಳ ಪ್ರತಿ ಮಾಡುವ ಕೆಲಸ ಒಪ್ಪಿಸಿದರು. ಈಗ ಆ ಹೆಂಗಸರು ಹೊಲಿದ ಪ್ರತಿಯೊಂದರ ಅಂಚಿನಲ್ಲೂ ಹೊಲಿದಾಕೆಯ ಹೆಸರು ಇರುತ್ತದೆ.

ಅಂದು ಗುಡ್ಡವ್ವ ಮುಂದಿನ ಸಾಲಿನ ಕುರ್ಚಿಯಲ್ಲಿ, ಹೊಸ ಇಳಕಲ್ ಸೀರೆಯ ಸೆರಗು ಹೊದ್ದು, ಹೊಲಿಯಲು ಏನೂ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕುಳಿತಿದ್ದರು. ಪಕ್ಕದಲ್ಲಿ ಬಂದು ಕುಳಿತ ಅಪರಿಚಿತ ಹಿರಿಯರೊಬ್ಬರು ಗಾಜಿನ ಕಡೆಗೊಮ್ಮೆ, ಇವರ ಕಡೆಗೊಮ್ಮೆ ನೋಡಿದರು. ಉತ್ತರ ಕರ್ನಾಟಕದಲ್ಲಿ ಹೊಸಬರನ್ನು ಕಂಡಾಗ ಯಾವ ಮನೆತನದವರೆಂದು ತಿಳಿಯಲು ಕೇಳುವ ಮಾತನ್ನೇ ಕೇಳಿದರು.

“ಯಾರ ಪೈಕಿ ಆದ್ರಿ ಯವ್ವಾ ನೀವು?”

ಗುಡ್ಡವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

“ಗಾಳೆವ್ವನ ಪೈಕಿ ರೀ.”